ಲಾಯಿಲದ ಎರಡನೆಯ ಬೂಸ್ಟರ್

ಬೆಳ್ತಂಗಡಿಯಲ್ಲಿ ಬಸ್ ಏಜೆಂಟನಾಗಿದ್ದ ಸಂಕಪ್ಪ ಜೀವಮಾನದಲ್ಲಿ ಒಮ್ಮೆಯೂ ವಾಲಿಬಾಲ್ ಆಡಿದವನಲ್ಲ. ಆದರೂ ಪಕ್ಕದ ಲಾಯಿಲ ಊರಿನ ತಂಡಕ್ಕೆ ಹಲವು ವರ್ಷ ಅವನೇ ಮ್ಯಾನೇಜರ್. ಆಟ ಬಲ್ಲವರೆಲ್ಲ ಆಡುವುದಕ್ಕೇ ಬೇಕಾಗಿದ್ದರಿಂದ, ಉಳಿದ ಕೆಲಸಗಳಿಗೆ ಆಟ ಬಾರದ ಒಬ್ಬ ಸಿಕ್ಕಿದ್ದು ಎಲ್ಲರಿಗೂ ಅನುಕೂಲವಾಯಿತು. ಸಂಜೆ ಬಲೆ ಕಟ್ಟಿಸುವುದು, ಗೆರೆಗೆ ಸುಣ್ಣದ ಪುಡಿ ಹಾಕಿಸುವುದು, ಚೆಂಡಿನ ಹೊಲಿಗೆ ಬಿಟ್ಟರೆ ಹೊಲಿಸಿ ತರುವುದು, ಪಂದ್ಯದ ದಿನ ಆಟಗಾರರನ್ನು ಬಸ್ಸಿನಲ್ಲಿ ಒಟ್ಟಿಗೆ ಕೂರಿಸುವುದು, ಸೋತು ಬಂದರೆ ಪೇಟೆಯವರಿಗೆ ಕಾರಣ ಹೇಳುವುದು, ಇದೆಲ್ಲ ಅವನ ಪಾಲಿಗೆ ಬಂತು. ಕೊನೆಯದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಾಗಿತ್ತು.

ಅವನಿಗೆ ಅಭ್ಯಾಸವೇ ಇಲ್ಲದ್ದೆಂದರೆ ‘ಇಲ್ಲ’ ಎನ್ನುವುದು. ಬಾಗಿಲವರೆಗೆ ಜನ ತುಂಬಿ ನಿಂತ ಮಂಗಳೂರು ಬಸ್ಸನ್ನು ತೋರಿಸಿ “ಸೀಟು ಉಂಟಾ ಏಜೆಂಟ್ರೇ?” ಎಂದು ಯಾರಾದರೂ ಕೇಳಿದರೆ ಅವನು “ನೋಡುವ” ಎನ್ನುತ್ತಿದ್ದ. ಆ ಒಂದು ಮಾತನ್ನು ನಂಬಿ ಬಂಟ್ವಾಳದವರೆಗೂ ಅದರಾಚೆಗೂ ನಿಂತುಕೊಂಡೇ ಹೋದವರು ಬಹಳ ಮಂದಿ. ಆದರೂ ಅವನನ್ನು ಯಾರೂ ಬೈಯಲಿಲ್ಲ. ಇಲ್ಲ ಎನ್ನಿಸಿಕೊಂಡು ನಿಲ್ಲುವುದಕ್ಕಿಂತ ನೋಡುವ ಎನ್ನಿಸಿಕೊಂಡು ನಿಲ್ಲುವುದು ಮರ್ಯಾದೆಯದ್ದು ಎಂದು ಪೇಟೆಯ ಅಭಿಪ್ರಾಯ.

ಈ ಸ್ವಭಾವಕ್ಕೆ ಅವನ ಮನೆಯ ಸ್ಥಿತಿಯೂ ಕಾರಣವಾಗಿರಬಹುದು. ಹುಟ್ಟಿದ ಮನೆ ಅಳದಂಗಡಿಯಲ್ಲಿ. ಅಲ್ಲಿ ಸೋದರಮಾವ ಯಜಮಾನ. ಕೆಲಸ ಬೆಳ್ತಂಗಡಿಯಲ್ಲಾದ್ದರಿಂದ ಮದುವೆಯಾದ ಮೇಲೆ ಲಾಯಿಲದಲ್ಲಿ ಹೆಂಡತಿ ಪ್ರೇಮಾವತಿಯ ಮನೆಯಲ್ಲೇ ಉಳಿದ. ಅಳಿಯಸಂತಾನದ ಕಟ್ಟಿನಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ. ಆಡಳಿತ ಮಾತ್ರ ಅವರ ಅಣ್ಣತಮ್ಮಂದಿರದ್ದು. ಹಾಗಾಗಿ ಲಾಯಿಲದ ಮನೆಗೆ ಪ್ರೇಮಾವತಿಯ ಅಣ್ಣ ಮುಂಡಪ್ಪನವರು ಯಜಮಾನರು. ಸಂಕಪ್ಪನಿಗೆ ಮನೆ ಎರಡು. ಎರಡರಲ್ಲೂ ಊಟಕ್ಕೆ ಕೊರತೆಯಿಲ್ಲ, ಎರಡರಲ್ಲೂ ಮಾತಿಗೆ ಜಾಗವಿಲ್ಲ.

ಮುಂಡಪ್ಪನವರು ತಂಡದ ಬೂಸ್ಟರ್ ಕೂಡ ಆಗಿದ್ದರು. ಬಲೆಯ ಬುಡದಲ್ಲಿ ನಿಂತು, ಹಿಂದಿನಿಂದ ಬಂದ ಚೆಂಡನ್ನು ಬೆರಳ ತುದಿಯಿಂದ ಎತ್ತಿ, ಹೊಡೆಯುವವನ ಕೈಗೆ ಹದವಾಗಿ ಒದಗಿಸುವವನೇ ಬೂಸ್ಟರ್. ಅವನು ಕೊಟ್ಟ ಹಾಗೆ ಆಟ. ಮುಂಡಪ್ಪನವರಿಗೆ ನಲವತ್ತು ಹತ್ತಿರ ಬಂದಿತ್ತು. ಎಡದ ಮೊಣಕಾಲು ಬಗ್ಗುತ್ತಿರಲಿಲ್ಲ. ಅವರು ಎತ್ತಿದ ಚೆಂಡು ಒಮ್ಮೆ ಬಲೆಯ ಆಚೆಗೆ ಇಳಿಯುತ್ತಿತ್ತು, ಒಮ್ಮೆ ಅಂಕಣದ ಹೊರಗಿದ್ದ ನೋಡುಗರ ಮಡಿಲಿಗೆ ಬೀಳುತ್ತಿತ್ತು. ಹೊಡೆಯುವವನು ಅದರ ಹಿಂದೆ ಓಡಿ, ಎಡವಿ, ಎದ್ದು, “ನನ್ನದೇ ತಪ್ಪು ಮುಂಡಪ್ಪಣ್ಣ” ಎನ್ನುತ್ತಿದ್ದ. ಮುಂಡಪ್ಪನವರು ಕ್ಷಮಿಸುತ್ತಿದ್ದರು. ಆಡುವ ಗದ್ದೆಯೂ ಅವರದ್ದೇ.

ಮ್ಯಾನೇಜರನಾದ ಕಾರಣ ಸುಣ್ಣದ ಗೆರೆಯ ಒಳಗೆ ಮಾತ್ರ ಮುಂಡಪ್ಪನವರನ್ನು ಕೂರಿಸುವ, ಎಬ್ಬಿಸುವ ಅಧಿಕಾರ ಸಂಕಪ್ಪನದ್ದಾಗಿತ್ತು. ಅದನ್ನು ಅವನು ಒಮ್ಮೆಯೂ ಬಳಸದೆ ಜೋಪಾನವಾಗಿ ಇಟ್ಟುಕೊಂಡಿದ್ದ.

ತಂಡಕ್ಕೆ ಎರಡನೆಯ ಬೂಸ್ಟರ್ ಒಬ್ಬನಿದ್ದ. ಉದಯಶಂಕರ ಎಂದು ಹೆಸರು. ಪೇಟೆಯ ಜವುಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಗೋಡೆಗೆ ಚೆಂಡು ಎಸೆದು ಬೆರಳಲ್ಲಿ ಎತ್ತುತ್ತಿದ್ದವನನ್ನು ಕಂಡು ತಂಡಕ್ಕೆ ಕರೆದುಕೊಂಡು ಬಂದವನು ಸಂಕಪ್ಪನೇ. ಅವನ ಬೆರಳಿನಿಂದ ಚೆಂಡು ಸದ್ದಿಲ್ಲದೆ ಏಳುತ್ತಿತ್ತು. ಎದ್ದು, ಬಲೆಯ ಮೇಲೆ ಹೊಡೆಯುವವನಿಗಾಗಿ ಒಂದು ಗಳಿಗೆ ಕಾದು ನಿಂತಂತೆ ಕಾಣುತ್ತಿತ್ತು. ಆಟ ಬಾರದ ಸಂಕಪ್ಪನಿಗೂ ಇದು ಬೇರೆ ಜಾತಿಯ ಚೆಂಡು ಎಂದು ಗೊತ್ತಾಗುತ್ತಿತ್ತು. ಅವನ ಬದುಕಿನಲ್ಲಿ ಬೇರೆ ಎಲ್ಲವನ್ನೂ ಇತರರು ಆರಿಸಿ ಕೊಟ್ಟಿದ್ದರು, ಹೆಂಡತಿಯನ್ನು ಸೇರಿಸಿ. ಉದಯಶಂಕರನೊಬ್ಬನನ್ನು ಮಾತ್ರ ಅವನೇ ಆರಿಸಿದ್ದ. ಆರಿಸಿ ತಂದು ಬೆಂಚಿನ ಮೇಲೆ ಕೂರಿಸಿದ್ದ.

ಅರುವತ್ತೊಂದರ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂಡುಬಿದಿರೆಯ ಸುಬ್ಬಯ್ಯ ಹೆಗ್ಡೆ ವೇಣೂರು ದಾರಿಯ ಬಸ್ಸಿನಿಂದ ಇಳಿದು ಸಂಕಪ್ಪನ ಮೇಜಿನ ಎದುರು ಬಂದು ನಿಂತ. ಅವನು ಮೂಡುಬಿದಿರೆಯಲ್ಲಿ ಹೋಟೆಲು ಇಟ್ಟವ, ಅಲ್ಲಿನ ತಂಡದ ಮ್ಯಾನೇಜರ್. ಹೋಟೆಲಿನವರಿಗೆ ಇರಬೇಕಾದ ನಾಲಗೆ ಅವನಿಗಿತ್ತು.

“ಏಜೆಂಟ್ರೇ, ನಿಮ್ಮಲ್ಲಿ ಒಂದು ವಸ್ತು ಸುಮ್ಮನೆ ಬಿದ್ದಿದೆ. ನಮ್ಮಲ್ಲೊಂದು ಹೆಚ್ಚಾಗಿದೆ. ಬದಲು ಮಾಡುವಾ?”

“ಯಾವ ವಸ್ತು?”

“ಆ ಬಟ್ಟೆ ಅಂಗಡಿಯ ಹುಡುಗ. ನಮ್ಮ ಬೂಸ್ಟರಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು, ಹೋದ. ನಿಮಗೆ ಯಾಕೂಬನನ್ನು ಕೊಡ್ತೇನೆ.”

ಯಾಕೂಬನ ಹೆಸರು ಕೇಳಿ ಸಂಕಪ್ಪ ಟಿಕೇಟು ಹರಿಯುವುದನ್ನು ನಿಲ್ಲಿಸಿದ. ಬಂಟ್ವಾಳದ ಪಂದ್ಯದಲ್ಲಿ ಎರಡು ವರ್ಷ ಲಾಯಿಲವನ್ನು ಸೋಲಿಸಿದ್ದು ಯಾಕೂಬನ ಸ್ಮ್ಯಾಶ್. ಅವನು ಹಾರಿದರೆ ಮೊಣಕೈ ಬಲೆಯ ಮೇಲಿರುತ್ತಿತ್ತು. ಸುಬ್ಬಯ್ಯ ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದ. ಹುಡುಗನಿಗೆ ಮೂಡುಬಿದಿರೆಯಲ್ಲಿ ತನ್ನ ನೆಂಟರ ಅಕ್ಕಿ ಗಿರಣಿಯಲ್ಲಿ ಖಾಯಂ ಕೆಲಸ; ಯಾಕೂಬನಿಗೆ ಸಂಕಪ್ಪ ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿಸಿಕೊಡಬೇಕು. ಯಾವ ಊರಿನಲ್ಲಿದ್ದಾನೋ ಆ ಊರಿಗೇ ಆಡಬೇಕೆಂಬುದು ಬಂಟ್ವಾಳ ಪಂದ್ಯದ ನಿಯಮ. ಕೆಲಸ ಬದಲಾದರೆ ಊರು ಬದಲಾದ ಹಾಗೆಯೇ.

“ನೋಡುವ” ಎಂದ ಸಂಕಪ್ಪ.

ಅವನು ನಿಜವಾಗಿಯೂ ನೋಡಿದ. ಹಲವು ದಿನ ಅದನ್ನೇ ನೋಡಿದ. ಹುಡುಗನನ್ನು ಕೊಟ್ಟರೆ ಯಾಕೂಬ್ ಬರುತ್ತಾನೆ, ಬಂಟ್ವಾಳದ ಶೀಲ್ಡ್ ಬರಬಹುದು. ಅದಕ್ಕಿಂತ ಮುಖ್ಯವಾಗಿ ಮುಂಡಪ್ಪನವರ ಜಾಗದ ಬಗ್ಗೆ ಯಾರೂ ಗುಸುಗುಸು ಎನ್ನುವ ಪ್ರಮೇಯವಿಲ್ಲ. ಬೇರೆ ಬೂಸ್ಟರೇ ಇಲ್ಲವಲ್ಲ. ಕೊಡದೆ ಇಟ್ಟುಕೊಂಡರೆ ಹುಡುಗ ಬೆಂಚಿನ ಮೇಲೆಯೇ ಮುದುಕನಾಗುತ್ತಾನೆ. ಆಡಿಸಬೇಕೆಂದರೆ ಮನೆಯ ಯಜಮಾನನನ್ನು ಕೂರಿಸಬೇಕು.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಪ್ರೇಮಾವತಿಯ ಹತ್ತಿರ ಹೇಳಿಕೊಂಡ.

“ಅಣ್ಣನನ್ನು ಕೂರಿಸಿ ಹುಡುಗನನ್ನು ಆಡಿಸಿ, ನನಗೇನು” ಎಂದಳು ಅವಳು. “ಆದರೆ ಆ ದಿನ ಊಟಕ್ಕೆ ನೀವು ಎಲ್ಲಿ ಕೂರುತ್ತೀರಿ?”

“ಹಾಗಾದರೆ ಕೊಟ್ಟುಬಿಡುವುದಾ?”

“ಕೊಟ್ಟರೆ ಆಮೇಲೆ ನೀವು ಗದ್ದೆಯ ಬದಿಯಲ್ಲಿ ನಿಂತು ಯಾರನ್ನು ನೋಡುವುದು? ಅಣ್ಣನ ಮೊಣಕಾಲನ್ನಾ?”

ಅವಳ ಮಾತಿನಿಂದ ಸಂಕಪ್ಪನಿಗೆ ಎರಡೂ ಕಡೆ ಸರಿಯಾಗಿ ಕಂಡಿತು. ತೀರ್ಮಾನ ಮಾತ್ರ ಕಾಣಲಿಲ್ಲ.

ಆ ವಾರ ಯಾಕೂಬ್ ತಾನೇ ಲಾಯಿಲ ನೋಡಿಹೋಗಲು ಬಂದ. ಮುಂಡಪ್ಪನವರು ಆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರಿಂದ ಬಲೆಯ ಬುಡದಲ್ಲಿ ಉದಯಶಂಕರ ನಿಂತಿದ್ದ. ಅವನು ಎತ್ತಿದ, ಯಾಕೂಬ್ ಹೊಡೆದ. ಮತ್ತೆ ಎತ್ತಿದ, ಮತ್ತೆ ಹೊಡೆದ. ಗದ್ದೆಯ ಮಣ್ಣಿನಲ್ಲಿ ಕುಳಿ ಬೀಳುವ ಹಾಗೆ ಚೆಂಡು ಇಳಿಯುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಯಾಕೂಬ್ ಸಂಕಪ್ಪನ ಹತ್ತಿರ ಬಂದ.

“ಸಂಕಪ್ಪಣ್ಣ, ಇಂಥ ಬಾಲ್ ನನಗೆ ಈವರೆಗೆ ಯಾರೂ ಕೊಟ್ಟದ್ದಿಲ್ಲ ಮಾರಾಯ್ರೆ. ಈ ಹುಡುಗ ಇದ್ದಾನೆಂದರೆ ನಾನು ನಾಳೆಯೇ ಬರ್ತೇನೆ.”

ಸಂಕಪ್ಪ ಬಲೆಯ ಕಡೆ ನೋಡಿದ. ಯಾಕೂಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಓ, ಇವನನ್ನು ಕೊಟ್ಟು ನನ್ನನ್ನು ತರುವುದಾ? ಮತ್ತೆ ನನಗೆ ಬಾಲ್ ಕೊಡುವುದು ಯಾರು?”

“ನಮ್ಮ ಭಾವ.”

ಯಾಕೂಬ್ ಮುಂಡಪ್ಪನವರ ಆಟ ನೋಡಿದ್ದ. ಚೆಂಡನ್ನು ಉದಯಶಂಕರನ ಕೈಗೆ ಕೊಟ್ಟು, ಅಂಗಿ ಹಾಕಿಕೊಂಡು, “ಐದು ಗಂಟೆಗೆ ಬಸ್ಸುಂಟಲ್ಲ?” ಎಂದು ಮಾತ್ರ ಕೇಳಿದ.

ಸಂಕಪ್ಪ ಹೀಗೆ ನೋಡುತ್ತಿರುವಾಗಲೇ ಸುದ್ದಿ ಬಸ್ ಹತ್ತಿತು. ಕಂಡಕ್ಟರುಗಳ ಬಾಯಿಂದ ಗುರುವಾಯನಕೆರೆ, ಅಲ್ಲಿಂದ ಕ್ಷೌರದಂಗಡಿ, ಅಲ್ಲಿಂದ ಮುಂಡಪ್ಪನವರು. ಅವರ ಕಿವಿಗೆ ಬಿದ್ದದ್ದು ಇಷ್ಟು: ಲಾಯಿಲದ ಬೂಸ್ಟರನ್ನು ಮೂಡುಬಿದಿರೆಯವರು ಕೇಳಿದ್ದಾರೆ, ಬದಲಿಗೆ ಯಾಕೂಬನನ್ನೇ ಕೊಡುತ್ತಾರಂತೆ. ಮುಂಡಪ್ಪನವರಿಗೆ ತಿಳಿದಂತೆ ಲಾಯಿಲಕ್ಕೆ ಬೂಸ್ಟರ್ ಒಬ್ಬನೇ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮಾತು ತೆಗೆದರು.

“ಭಾವ, ಸುಬ್ಬಯ್ಯ ಹೆಗ್ಡೆ ಬಂದಿದ್ದನಂತೆ.”

“ಹೌದು ಭಾವ. ಹೇಳುವ ಎಂದಿದ್ದೆ.”

“ನಿಮಗೆ ಸಂಕೋಚ ಆಗಿರಬಹುದು. ಮನೆಯ ಯಜಮಾನನನ್ನು ಬೇರೆ ಊರಿನವರು ಕೇಳಿದ್ದಾರೆ ಎಂದು ಅವನ ಎದುರೇ ಹೇಳುವುದು ಹೇಗೆ, ಅಲ್ಲವಾ?”

ಸಂಕಪ್ಪನ ಕೈಯ ತುತ್ತು ಬಟ್ಟಲಿನ ಮೇಲೆ ನಿಂತಿತು. ಸಾರು ಬಡಿಸುತ್ತಿದ್ದ ಪ್ರೇಮಾವತಿಯ ಸೌಟೂ ನಿಂತಿತು. ಇದು ‘ಇಲ್ಲ’ ಎನ್ನಬೇಕಾದ ಜಾಗ. ನಿಮ್ಮನ್ನಲ್ಲ ಭಾವ, ಬೆಂಚಿನ ಮೇಲಿನ ಹುಡುಗನನ್ನು ಕೇಳಿದ್ದು ಎಂಬ ಮಾತು ಗಂಟಲಿನವರೆಗೆ ಬಂತು ಕೂಡ. ಅದು ಹೊರಗೆ ಬಿದ್ದರೆ ಮುಂಡಪ್ಪನವರ ಮುಖ ಹೇಗಾದೀತೆಂದು ಅವನು ನೋಡಿಕೊಂಡ. ಆ ಮುಖದ ಎದುರು ದಿನಾ ಎರಡು ಹೊತ್ತು ಉಣ್ಣಬೇಕು.

“ನೀವು ಒಪ್ಪುತ್ತೀರೋ ಇಲ್ಲವೋ ಎಂದು…” ಎಂದ.

“ಯಾಕೂಬನನ್ನೇ ಕೊಡುತ್ತಾನೆಂದರೆ ಅವನಿಗೆ ಆಟ ಗೊತ್ತುಂಟು” ಎಂದರು ಮುಂಡಪ್ಪನವರು. “ಆದರೆ ನಾನು ಊರು ಬಿಡುವವನಲ್ಲ. ಹಾಗೆ ಹೇಳಿಬಿಡಿ.” ತಂಗಿಯ ಕಡೆ ತಿರುಗಿ ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಂಡರು.

ಮೂಡುಬಿದಿರೆಗೆ ಹೋಗುವ ಕಂಡಕ್ಟರನ ಕೈಯಲ್ಲಿ, ಈ ವರ್ಷ ಕಷ್ಟ, ಮುಂದೆ ನೋಡುವ ಎಂದು ಸಂಕಪ್ಪ ಹೇಳಿಕಳಿಸಿದ. ಈಗ ಹುಡುಗನನ್ನು ಕೊಡುವ ಹಾಗೆಯೇ ಇರಲಿಲ್ಲ. ಕೊಟ್ಟರೆ ಕೇಳಿದ್ದು ಯಾರನ್ನೆಂದು ಮುಂಡಪ್ಪನವರಿಗೆ ಗೊತ್ತಾಗುತ್ತದೆ. ತಾನು ಮಾಡಬೇಕಾಗಿದ್ದ ತೀರ್ಮಾನವನ್ನು ಭಾವನ ತಪ್ಪು ತಿಳಿವಳಿಕೆ ಮಾಡಿಕೊಟ್ಟದ್ದಕ್ಕೆ ಸಂಕಪ್ಪನಿಗೆ ಎದೆ ಹಗುರವಾಯಿತು. ತಂಡದವರಿಗೆಲ್ಲ ನಿಜ ಗೊತ್ತಿತ್ತು. ಗದ್ದೆ ಯಾರದ್ದೆಂದೂ ಗೊತ್ತಿತ್ತು.

ಮುಂಡಪ್ಪನವರಿಗೆ ಹೊಸ ಕಳೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಜನ “ಹೋಗ್ತೀರಂತೆ ಹೌದಾ?” ಎಂದು ಕೇಳಿದರೆ “ಹೇಗೆ ಹೋಗುವುದು, ಇಲ್ಲಿ ನೋಡಿಕೊಳ್ಳುವವರು ಯಾರು” ಎನ್ನುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು. ಒಂದು ತಿಂಗಳು ಹೀಗೆ ನಡೆದ ಮೇಲೆ ಒಂದು ಸಂಜೆ ಆಟ ಶುರುವಾಗುವ ಮೊದಲು ಅವರು ಎಲ್ಲರನ್ನೂ ಬಲೆಯ ಹತ್ತಿರ ಕರೆದರು.

“ಆಟಗಾರ ಜನ ಕೇಳುವಾಗಲೇ ನಿಲ್ಲಿಸಬೇಕು. ನನ್ನನ್ನು ಕೇಳಿದ್ದಾಯಿತು, ನಾನು ಒಲ್ಲೆ ಎಂದದ್ದೂ ಆಯಿತು. ಇನ್ನು ಏನು ಬಾಕಿ ಉಂಟು? ಬಂಟ್ವಾಳಕ್ಕೆ ಉದಯಶಂಕರ ಆಡಲಿ. ನಾನು ಹೊರಗಿನಿಂದ ಹೇಳಿಕೊಡ್ತೇನೆ.”

ಎಲ್ಲರೂ ಬೇಗ ಬೇಗ ತಲೆಯಾಡಿಸಿದರು. ಒಬ್ಬ ಮಾತ್ರ, ಬಹಳ ವರ್ಷ ಆ ಚೆಂಡುಗಳ ಹಿಂದೆ ಓಡಿದವ, ಸುಮ್ಮನಿರಲಾರದೆ “ಇನ್ನೊಂದು ವರ್ಷ ಆಡಬಹುದಿತ್ತು ಮುಂಡಪ್ಪಣ್ಣ” ಎಂದ. ಉಳಿದವರು ಅವನನ್ನು ತಿಂದುಹಾಕುವ ಹಾಗೆ ನೋಡಿದರು. ಮುಂಡಪ್ಪನವರು ಬಗ್ಗಲಿಲ್ಲ.

ಬಂಟ್ವಾಳದ ಪಂದ್ಯ ಎರಡನೆಯ ಬೆಳೆಯ ಕೊಯ್ಲು ಮುಗಿದ ಮೇಲೆ. ಆ ವರ್ಷ ಫೈನಲಿಗೆ ಬಂದದ್ದು ಲಾಯಿಲ ಮತ್ತು ಮೂಡುಬಿದಿರೆ. ಬೆಳಗಿನ ಆಟ ನೋಡಿದವರ ಬಾಯಲ್ಲೆಲ್ಲ ಉದಯಶಂಕರನ ಹೆಸರೇ. ಫೈನಲಿಗೆ ಮೊದಲು ಎರಡೂ ತಂಡಗಳಿಗೆ ಶಾಲೆಯ ಜಗಲಿಯಲ್ಲಿ ಒಟ್ಟಿಗೆ ಊಟ. ಸಂಕಪ್ಪ ಅಕ್ಕಿ ಪಾಯಸಕ್ಕೆ ಕಾಯುತ್ತಿದ್ದಾಗ, ಎದುರು ಸಾಲಿನಲ್ಲಿ ಸುಬ್ಬಯ್ಯ ಹೆಗ್ಡೆಯ ಪಕ್ಕದಲ್ಲೇ ಮುಂಡಪ್ಪನವರು ಎಲೆ ಹಾಕಿಸಿಕೊಂಡು ಕೂತದ್ದು ಕಂಡಿತು. ಇದನ್ನು ಅವನು ಮೊದಲೇ ಯೋಚಿಸಿರಲಿಲ್ಲ.

“ಸುಬ್ಬಯ್ಯಣ್ಣ, ಬೇಜಾರು ಮಾಡಿಕೊಳ್ಳಬೇಡಿ” ಎಂದರು ಮುಂಡಪ್ಪನವರು, ಎರಡು ಸಾಲಿಗೂ ಕೇಳುವ ಹಾಗೆ. “ನೀವು ಅಷ್ಟು ಆಸೆಯಿಂದ ನನ್ನನ್ನು ಕೇಳಿದಿರಿ. ಬರಲಿಕ್ಕಾಗಲಿಲ್ಲ.”

ಸುಬ್ಬಯ್ಯ ಹೆಗ್ಡೆ ಬಾಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದ. ಮುಂಡಪ್ಪನವರನ್ನು ನೋಡಿದ. ಆಮೇಲೆ ಎದುರಿನಲ್ಲಿ ಸಂಕಪ್ಪನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, ಹೋಟೆಲಿನವನಿಗೆ ಅಷ್ಟು ಸಾಕಾಯಿತು.

“ನಮ್ಮ ಯೋಗ ಇಷ್ಟೇ ಮುಂಡಪ್ಪಣ್ಣ” ಎಂದ. “ಕೇಳಿದ್ದು ಸಿಗಬೇಕೆಂದು ಉಂಟಾ? ಯಾಕೂಬನನ್ನು ಬಿಟ್ಟುಕೊಡ್ತೇನೆ ಎಂದೆ. ಇನ್ನೇನು ಕೊಡಲಿ ನಿಮ್ಮಂಥವರಿಗೆ.”

ಮುಂಡಪ್ಪನವರು ತೃಪ್ತಿಯಿಂದ ಎಲೆಯ ಕಡೆ ಬಗ್ಗಿದರು. ಯಾಕೂಬ್ ದೂರದಲ್ಲಿ ಕೆಮ್ಮತೊಡಗಿದ. ಯಾರೋ ನೀರು ಕೊಟ್ಟರು.

ಕೈ ತೊಳೆಯುವಲ್ಲಿ ಸುಬ್ಬಯ್ಯ ಸಂಕಪ್ಪನ ಪಕ್ಕಕ್ಕೆ ಬಂದ.

“ಫೈನಲ್ ಮುಗಿಯಲಿ. ಮುಂದಿನ ತಿಂಗಳು ಹುಡುಗನನ್ನು ಗಿರಣಿಗೆ ಕಳಿಸಿ.”

“ಯಾಕೂಬ್?”

“ಯಾಕೂಬ್ ಯಾಕೆ? ನಿಮ್ಮ ಭಾವನಿಗೆ ನಾನೀಗ ಕೊಟ್ಟದ್ದು ಸಾಲದಾ?”

“ನೋಡುವ” ಎಂದ ಸಂಕಪ್ಪ.

“ನೀವು ನೋಡಿ. ಅಷ್ಟರಲ್ಲಿ ನಾನು ಅವರ ಹತ್ತಿರ ಒಂದು ವೀಳ್ಯ ಹಾಕಿ, ಮಾತಾಡುತ್ತ ಕೂತಿರ್ತೇನೆ” ಎಂದು ಸುಬ್ಬಯ್ಯ ಒದ್ದೆ ಕೈ ಒರೆಸಿಕೊಂಡು ಜಗಲಿಯ ಕಡೆ ಹೆಜ್ಜೆ ಹಾಕಿದ.

ಸಂಕಪ್ಪ ಅವನ ಹಿಂದೆಯೇ ಹೋಗಿ ಅಂಗಿಯ ಕೈ ಹಿಡಿದ. “ಕಳಿಸ್ತೇನೆ” ಎಂದ.

ಫೈನಲ್ ಬಹಳ ಚೆನ್ನಾಗಿ ಆಯಿತೆಂದು ಬಂಟ್ವಾಳದವರು ಅನೇಕ ವರ್ಷ ಹೇಳುತ್ತಿದ್ದರು. ಉದಯಶಂಕರ ಎತ್ತಿದ ಒಂದೊಂದು ಚೆಂಡೂ ಬೇಕಾದಲ್ಲೇ ನಿಂತಿತು. ಲಾಯಿಲದ ಸಾಧಾರಣ ಹುಡುಗರೂ ಯಾಕೂಬನ ಹಾಗೆ ಹೊಡೆದರು. ಯಾಕೂಬನಿಗೆ ಮಾತ್ರ ಹೊಡೆಯಲು ಹದವಾದ ಚೆಂಡು ಸಿಗಲಿಲ್ಲ. ಆ ಸಂಜೆ ನೋಡುಗರಿಗೆ ಅರ್ಥವಾಗದ ಸಂಗತಿ ಒಂದೇ. ಸೋಲುತ್ತಿದ್ದ ಮೂಡುಬಿದಿರೆಯ ಮ್ಯಾನೇಜರ್ ಎದುರಾಳಿ ಬೂಸ್ಟರನ ಪ್ರತಿ ಚೆಂಡಿಗೂ ಮನಸಾರೆ ಚಪ್ಪಾಳೆ ತಟ್ಟುತ್ತಿದ್ದ. ಗೆಲ್ಲುತ್ತಿದ್ದ ಲಾಯಿಲದ ಮ್ಯಾನೇಜರ್ ಚೆಂಡು ಚೆನ್ನಾಗಿ ಎದ್ದಷ್ಟೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಗೆರೆಯ ಹೊರಗೆ ಮುಂಡಪ್ಪನವರು ಕೂಗಿ ಕೂಗಿ ಸ್ವರ ಕಳೆದುಕೊಂಡರು. ಶೀಲ್ಡ್ ತೆಗೆದುಕೊಳ್ಳಲು ಅವರನ್ನೇ ಮುಂದೆ ಕಳಿಸಿದರು.

ಜವುಳಿ ಅಂಗಡಿಯ ಹಿಂದೆ ಸಂಕಪ್ಪ ಉದಯಶಂಕರನಿಗೆ ಸಂಗತಿ ಹೇಳಿದ. ಎಲ್ಲವನ್ನೂ ಹೇಳಲಿಲ್ಲ. ಹುಡುಗ ಉಳಿದದ್ದನ್ನು ತಾನೇ ಸೇರಿಸಿಕೊಂಡ.

“ನಾನು ಹೋಗುವುದಿಲ್ಲ ಎಂದರೆ, ಸಂಕಪ್ಪಣ್ಣ?”

ಸಂಕಪ್ಪ ಗೋಡೆಯ ಮೇಲಿದ್ದ ಚೆಂಡಿನ ಗುರುತುಗಳನ್ನು ನೋಡುತ್ತ ನಿಂತ.

“ಮೊದಲೇ ಕೊಟ್ಟಿದ್ದರೆ ಯಾಕೂಬನಾದರೂ ಬರುತ್ತಿದ್ದ” ಎಂದ ಹುಡುಗ. “ನನಗೆ ಬೆಲೆ ಇದ್ದಾಗ ನೀವು ಕೊಡಲಿಲ್ಲ.”

“ಆಗ ಕೊಡಲು ಮನಸ್ಸಾಗಲಿಲ್ಲ ಮಾರಾಯ.”

“ಈಗ?”

“ಈಗಲೂ ಇಲ್ಲ.”

ಇಷ್ಟು ದಿನಗಳಲ್ಲಿ ಸಂಕಪ್ಪನ ಬಾಯಿಂದ ಹೊರಟ ಮೊದಲ ‘ಇಲ್ಲ’ ಅದು. ಯಾವ ಉಪಯೋಗಕ್ಕೂ ಬಾರದಷ್ಟು ತಡವಾಗಿತ್ತು.

“ಹೋಗ್ತೇನೆ ಬಿಡಿ” ಎಂದ ಉದಯಶಂಕರ. “ಅಲ್ಲಿ ನನಗೆ ಕೆಲಸ ಖಾಯಂ. ಇಲ್ಲಿ ನಿಮಗೆ ಊಟ ಖಾಯಂ.”

ಶೀಲ್ಡ್ ಗೆದ್ದುಕೊಟ್ಟವನನ್ನು ಬದಲಿಗೆ ಏನೂ ಇಲ್ಲದೆ ಕಳಿಸುತ್ತಿರುವುದಕ್ಕೆ ಸಂಕಪ್ಪನಿಗೆ ತಲೆ ಕೆಟ್ಟಿದೆ ಎಂದು ಪೇಟೆ ಮಾತಾಡಿತು. ಸಂಕಪ್ಪ ಕಾರಣ ಹೇಳಲಿಲ್ಲ. ಸೋತದ್ದಕ್ಕಾದರೆ ಅವನ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು. ಆ ಕೆಲಸವನ್ನು ಮುಂಡಪ್ಪನವರೇ ವಹಿಸಿಕೊಂಡರು. ಹುಡುಗ ಹೊರಡುವ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಬಸ್‌ಸ್ಟ್ಯಾಂಡಿಗೆ ಬಂದರು. ಸಂಕಪ್ಪ ಕಿಟಕಿಯ ಬದಿಯ ಸೀಟು ಖಾಲಿ ಇಡಿಸಿದ್ದ. ಸುತ್ತ ಜನ ಇದ್ದರು.

“ಸುಬ್ಬಯ್ಯ ಪಾಪ ನನ್ನನ್ನೇ ಕೇಳಿದ್ದು” ಎಂದರು ಮುಂಡಪ್ಪನವರು, ಕಿಟಕಿಯೊಳಗೆ ಕೈ ಹಾಕಿ ಹುಡುಗನ ಭುಜ ತಟ್ಟುತ್ತ. “ಅವನ ಮುಖ ನೋಡಿ ನನಗೆ ಮನಸ್ಸು ತಡೆಯಲಿಲ್ಲ. ನನ್ನ ಬದಲಿಗೆ ನಿನ್ನನ್ನು ಕಳಿಸುವುದು ಅಂತ ಮಾಡಿದ್ದೇವೆ. ಲಾಯಿಲದ ಹೆಸರು ಕೆಡಿಸಬೇಡ.”

ಉದಯಶಂಕರ ಅವರ ತಲೆಯ ಮೇಲಿಂದ ಸಂಕಪ್ಪನನ್ನು ನೋಡಿದ. “ಆಯಿತು ಮುಂಡಪ್ಪಣ್ಣ” ಎಂದ.

ಸಂಕಪ್ಪ ಬಸ್ಸಿನ ಮೈಗೆ ಎರಡು ಸಲ ಬಡಿದ. ಬಸ್ ಹೊರಟು ತಿರುವು ದಾಟಿ ಹೋಯಿತು. ಧೂಳು ಇಳಿಯುವವರೆಗೆ ಭಾವಂದಿರಿಬ್ಬರೂ ಅಲ್ಲೇ ನಿಂತಿದ್ದರು. ಆಮೇಲೆ ಮುಂಡಪ್ಪನವರು ಪಂಚೆ ಎತ್ತಿ, ಎಡಗಾಲನ್ನು ಒಮ್ಮೆ ಮುಂದೆ ಚಾಚಿ, ಹಿಂದೆ ತೆಗೆದು ನೋಡಿದರು.

“ಮೊಣಕಾಲು ಈಗ ಅಡ್ಡಿಯಿಲ್ಲ ಭಾವ. ಇನ್ನು ನಾನು ಇಳಿಯದೆ ಆಗುತ್ತದಾ? ಬೇರೆ ಯಾರಿದ್ದಾರೆ ಹೇಳಿ.”

ಸಂಕಪ್ಪ ಯೋಚಿಸಿ ನೋಡಿದ. ನಿಜವಾಗಿಯೂ ಬೇರೆ ಯಾರೂ ಇರಲಿಲ್ಲ.

“ಸಂಜೆ ಬಲೆ ಕಟ್ಟಿಸ್ತೇನೆ” ಎಂದು ಮೇಜಿಗೆ ಹಿಂತಿರುಗಿದ.